ಲಾಭವಿದ್ದೂ ಕೈಯಲ್ಲಿ ಹಣವಿಲ್ಲವೇಕೆ?
ಹಿಡುವಳಿಯ ನಗದು ಹರಿವಿನ ತಖ್ತೆಯನ್ನು ಪರೋಕ್ಷ ವಿಧಾನದಲ್ಲಿ ಬರೆಯುವ ಕ್ರಮ

ಕಾರವಾರ, ಅಂಕೋಲಾ ತಾಲೂಕುಗಳ ರೈತರಿಗೆ ಮೇ ತಿಂಗಳೆಂದರೆ ಇಕ್ಕಟ್ಟಿನ ಕಾಲ. ಜೂನ್ ತಿಂಗಳಲ್ಲಿ ಮಳೆ ಹಿಡಿಯುವುದರೊಳಗೆ ಬೀಜ, ಗೊಬ್ಬರ ಮನೆ ಸೇರಬೇಕು. ಸಸಿಮಡಿ ಸಿದ್ಧವಾಗಬೇಕು. ಮಾಡಿನ ಹಂಚು ಸರಿಪಡಿಸಬೇಕು. ಮಕ್ಕಳ ಶಾಲೆ ಆರಂಭವಾಗುತ್ತದೆ. ಸಂಘದಿಂದ ಪಡೆದ ಬೆಳೆ ಸಾಲದ ವಾಯಿದೆಯೂ ಅನೇಕರಿಗೆ ಇದೇ ಸುಮಾರಿಗೆ ಬಂದಿರುತ್ತದೆ. ಇಂತಹ ಸಮಯದಲ್ಲಿ ವರ್ಷದ ಲೆಕ್ಕ ತೆಗೆದು ನೋಡಿದರೆ ಪುಸ್ತಕದಲ್ಲಿ ಲಾಭ ಕಾಣುತ್ತದೆ, ಆದರೆ ಪೆಟ್ಟಿಗೆಯಲ್ಲಿ ಹಣ ಕಾಣುವುದಿಲ್ಲ. ಲೆಕ್ಕ ಬರೆದವರು ಎಲ್ಲೋ ತಪ್ಪಿರಬೇಕೆಂದು ಮನೆಯಲ್ಲಿ ಮಾತು ಬೆಳೆಯುತ್ತದೆ.

ಅನೇಕ ಸಲ ಲೆಕ್ಕ ತಪ್ಪಿರುವುದಿಲ್ಲ. ಲಾಭ ಬೇರೆ, ನಗದು ಬೇರೆ. ಲಾಭದ ಒಂದು ಭಾಗ ಅಂಗಳದಲ್ಲಿ ಒಣಗುತ್ತಿರುವ ಚಾಲಿ ಅಡಿಕೆಯಾಗಿ, ಇನ್ನೊಂದು ಭಾಗ ವ್ಯಾಪಾರಿಯ ಬಳಿ ಬಾಕಿಯಾಗಿ, ಮತ್ತೊಂದು ಭಾಗ ಕೊಟ್ಟಿಗೆಯ ಪಕ್ಕದಲ್ಲಿ ನಿಂತ ಯಂತ್ರವಾಗಿ ಉಳಿದಿರುತ್ತದೆ. ಲಾಭವಾಗಿ ಕಂಡ ಹಣ ಎಲ್ಲೆಲ್ಲಿ ಹೋಗಿ ನಿಂತಿದೆ ಎಂಬುದನ್ನು ಒಂದೇ ಹಾಳೆಯಲ್ಲಿ ತೋರಿಸುವ ಲೆಕ್ಕಕ್ಕೆ ನಗದು ಹರಿವಿನ ತಖ್ತೆ ಎಂದು ಹೆಸರು. ಇದು ಕಂಪನಿಗಳಿಗೆ ಮಾತ್ರ ಬೇಕಾದ ಲೆಕ್ಕವೆಂಬ ಭಾವನೆ ಇದೆ. ಆದರೆ ಕೂಡು, ಕಳೆ ತಿಳಿದ ಯಾವ ರೈತನಾದರೂ ಒಂದು ಸಂಜೆಯಲ್ಲಿ ಇದನ್ನು ಬರೆಯಬಹುದು.

ಎರಡು ವಿಧಾನಗಳು

ಈ ತಖ್ತೆಯನ್ನು ಎರಡು ರೀತಿಯಲ್ಲಿ ಬರೆಯಬಹುದು. ವರ್ಷವಿಡೀ ಬಂದ ನಗದನ್ನು ಒಂದು ಕಡೆ, ಕೊಟ್ಟ ನಗದನ್ನು ಇನ್ನೊಂದು ಕಡೆ ಕೂಡಿಸಿ ವ್ಯತ್ಯಾಸ ತೆಗೆಯುವುದು ಪ್ರತ್ಯಕ್ಷ ವಿಧಾನ. ಇದಕ್ಕೆ ಪ್ರತಿದಿನದ ರೋಜುಕೀರ್ದಿ ಒಂದು ದಿನವೂ ತಪ್ಪದೆ ಬರೆದಿರಬೇಕು. ಬುಟ್ಟಿಯಲ್ಲಿ ತರಕಾರಿ ಹೊತ್ತು ಮಾರುಕಟ್ಟೆಗೆ ಹೋಗಿ, ಅದೇ ಹಣದಲ್ಲಿ ಮೀನು, ಎಣ್ಣೆ ತಂದು ಮನೆಗೆ ಬರುವ ಕುಟುಂಬಗಳಲ್ಲಿ ಅಂತಹ ಪುಸ್ತಕ ಇರುವುದು ಅಪರೂಪ.

ಪರೋಕ್ಷ ವಿಧಾನದಲ್ಲಿ ವರ್ಷದ ಲಾಭದಿಂದ ಲೆಕ್ಕ ಆರಂಭವಾಗುತ್ತದೆ. ಲಾಭದಲ್ಲಿ ಸೇರಿದ್ದರೂ ನಗದಾಗಿ ಬಾರದಿರುವುದನ್ನು ಕಳೆಯುತ್ತ, ಖರ್ಚಿನಲ್ಲಿ ಸೇರಿದ್ದರೂ ನಗದಾಗಿ ಹೋಗದಿರುವುದನ್ನು ಕೂಡುತ್ತ ಬಂದರೆ ಕೊನೆಗೆ ಕೈಯಲ್ಲಿರುವ ಹಣಕ್ಕೆ ತಲುಪುತ್ತೇವೆ. ಲಾಭಕ್ಕೂ ನಗದಿಗೂ ನಡುವಿನ ಅಂತರಕ್ಕೆ ಕಾರಣಗಳನ್ನು ಹೆಸರು ಹಿಡಿದು ಹೇಳುವುದೇ ಈ ವಿಧಾನದ ಹೆಚ್ಚುಗಾರಿಕೆ.

ಬೇಕಾದ ಕಾಗದಗಳು

ಮೂರು ದಾಖಲೆಗಳು ಸಾಕು. ಮೊದಲನೆಯದು, ಏಪ್ರಿಲ್ 1ರಂದು ಹಿಡುವಳಿಯ ಆಸ್ತಿ ಮತ್ತು ಸಾಲಗಳ ಪಟ್ಟಿ. ಎರಡನೆಯದು, ಮುಂದಿನ ಮಾರ್ಚ್ 31ರಂದು ಅದೇ ಪಟ್ಟಿ. ಮೂರನೆಯದು, ಆ ವರ್ಷದ ಲಾಭ-ನಷ್ಟದ ಲೆಕ್ಕ. ಇವುಗಳ ಜೊತೆಗೆ ಬ್ಯಾಂಕಿನ ಮತ್ತು ಸಂಘದ ಪಾಸ್ ಪುಸ್ತಕ ಹತ್ತಿರವಿರಲಿ.

ದಾಸ್ತಾನಿನ ಬೆಲೆ ಕಟ್ಟುವಾಗ ಆಸೆಯ ಬೆಲೆಯನ್ನು ಹಿಡಿಯಬಾರದು. ಆ ದಿನ ಮಾರಿದರೆ ಸಾಗಣೆ, ದಲಾಲಿ ಕಳೆದು ಕೈಗೆ ಬರುವ ಬೆಲೆಯನ್ನೇ ಹಿಡಿಯಬೇಕು. ಮಾರ್ಚ್ 31ರಂದು ಮರದಲ್ಲಿರುವ ಮಾವಿನ ಕಾಯಿಯನ್ನು ದಾಸ್ತಾನಿನಲ್ಲಿ ಸೇರಿಸಬಾರದು. 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಅಂಕೋಲೆಯ ಕರಿ ಇಶಾಡ ಮಾವು ಮೇ ತಿಂಗಳ ಸುಮಾರಿಗೆ ಕೊಯ್ಲಿಗೆ ಬರುವ ಬೆಳೆ. ಅದರ ಆದಾಯ ಮುಂದಿನ ವರ್ಷದ ಲೆಕ್ಕಕ್ಕೆ ಸೇರಬೇಕು.

ಒಂದು ಮಾದರಿ ಹಿಡುವಳಿ

ಕ್ರಮವನ್ನು ತಿಳಿಯಲು ಅಂಕೋಲಾ ತಾಲೂಕಿನಲ್ಲಿ ಗಂಗಾವಳಿ ದಂಡೆಯ ಒಂದು ಹಿಡುವಳಿಯನ್ನು ಕಲ್ಪಿಸಿಕೊಳ್ಳಬಹುದು. ಮಳೆಗಾಲದಲ್ಲಿ ಭತ್ತ, ಭತ್ತದ ನಂತರ ಅದೇ ಗದ್ದೆಯಲ್ಲಿ ಶೇಂಗಾ ಮತ್ತು ತರಕಾರಿ, ಮನೆಯ ಹಿಂದೆ ತೆಂಗು, ಅಡಿಕೆಯ ತೋಟ, ಬೇಲಿಯ ಬದಿಗೆ ನಾಲ್ಕಾರು ಮಾವಿನ ಮರ, ಕೊಟ್ಟಿಗೆಯಲ್ಲಿ ಎರಡು ಹಾಲಿನ ಆಕಳು. ಈ ವರ್ಷ ಹಳೆಯ ಪಂಪು ಮಾರಿ, ಮಧ್ಯಮಾವಧಿ ಸಾಲದ ನೆರವಿನಿಂದ ಪವರ್ ಟಿಲ್ಲರ್ ಕೊಳ್ಳಲಾಗಿದೆ. ಅಂಕಿಗಳು ಕಲಿಕೆಗಾಗಿ ಹಿಡಿದವು. ರೈತರು ತಮ್ಮ ತಮ್ಮ ಅಂಕಿಗಳನ್ನು ಇವುಗಳ ಜಾಗದಲ್ಲಿ ಹಾಕಿಕೊಳ್ಳಬೇಕು.

ಪಟ್ಟಿ 1: ಆಸ್ತಿ ಮತ್ತು ಸಾಲ, ರೂಪಾಯಿಗಳಲ್ಲಿ
(ಮೊದಲ ಅಂಕಿ ಏಪ್ರಿಲ್ 1ರದು, ಎರಡನೆಯದು ಮಾರ್ಚ್ 31ರದು)

ನಗದು ಮತ್ತು ಬ್ಯಾಂಕಿನ ಶಿಲ್ಕು: 1,10,000, 25,000
ವ್ಯಾಪಾರಿಗಳಿಂದ, ಹಾಲಿನ ಸಂಘದಿಂದ ಬರತಕ್ಕ ಬಾಕಿ: 15,000, 43,000
ಅಡಿಕೆ, ಭತ್ತ, ಶೇಂಗಾ ದಾಸ್ತಾನು: 40,000, 1,30,000
ಗೊಬ್ಬರ, ಹಿಂಡಿ ದಾಸ್ತಾನು: 6,000, 10,000
ಯಂತ್ರೋಪಕರಣ: 1,25,000, 2,40,000
ಜಮೀನು, ಮರ, ಜಾನುವಾರು: 6,00,000, 6,00,000
ಒಟ್ಟು ಆಸ್ತಿ: 8,96,000, 10,48,000

ಬೆಳೆ ಸಾಲ: 1,00,000; 1,00,000
ಟಿಲ್ಲರ್ ಸಾಲ: ಇಲ್ಲ, 1,00,000
ಗೊಬ್ಬರ, ಹಿಂಡಿ ಅಂಗಡಿಗೆ ಕೊಡತಕ್ಕ ಬಾಕಿ: 20,000, 12,000
ಒಟ್ಟು ಸಾಲ: 1,20,000; 2,12,000
ರೈತನ ಸ್ವಂತ ಬಂಡವಾಳ: 7,76,000, 8,36,000

ಪಟ್ಟಿ 2: ವರ್ಷದ ಲಾಭ-ನಷ್ಟ

ಉತ್ಪನ್ನ ಮಾರಾಟ, ನಗದು ಮತ್ತು ಉದ್ರಿ ಸೇರಿ: 3,67,000
ಉತ್ಪನ್ನದ ದಾಸ್ತಾನಿನಲ್ಲಿ ಹೆಚ್ಚಳ: 90,000
ಹಳೆಯ ಪಂಪು ಮಾರಿದ ಲಾಭ: 3,000
ಒಟ್ಟು ಆದಾಯ: 4,60,000

ಕೂಲಿ: 1,20,000
ಬೀಜ, ಗೊಬ್ಬರ, ಹಿಂಡಿ: 90,000
ಉಳುಮೆ, ವಿದ್ಯುತ್, ರಿಪೇರಿ, ಸಾಗಣೆ: 30,000
ಬಡ್ಡಿ: 10,000
ಸವಕಳಿ: 30,000
ಒಟ್ಟು ಖರ್ಚು: 2,80,000

ನಿವ್ವಳ ಲಾಭ: 1,80,000

ಲಾಭ 1,80,000 ರೂಪಾಯಿ. ಆದರೆ ಕೈಯಲ್ಲಿದ್ದ ಹಣ 1,10,000ದಿಂದ 25,000ಕ್ಕೆ ಇಳಿದಿದೆ. ಅಂದರೆ ಲಾಭ ಬಂದ ವರ್ಷದಲ್ಲಿಯೇ 85,000 ರೂಪಾಯಿ ನಗದು ಕಡಿಮೆಯಾಗಿದೆ. ಈ ಒಗಟನ್ನು ಮೂರು ಹಂತಗಳಲ್ಲಿ ಬಿಡಿಸಬಹುದು.

ಮೊದಲನೆಯ ಹಂತ: ಬೇಸಾಯದಿಂದ ಬಂದ ನಗದು

ಲಾಭದ ಅಂಕಿಯನ್ನು ಹಾಳೆಯ ತಲೆಗೆ ಬರೆಯಬೇಕು. ಮೊದಲು ಸವಕಳಿಯನ್ನು ಕೂಡಬೇಕು. ಯಂತ್ರ ಸವೆಯುತ್ತದೆ ನಿಜ. ಹತ್ತು ವರ್ಷ ಬಾಳುವ 1,50,000 ರೂಪಾಯಿಯ ಟಿಲ್ಲರಿಗೆ ವರ್ಷಕ್ಕೆ 15,000 ರೂಪಾಯಿ ಸವಕಳಿ ಹಿಡಿಯುವುದು ನ್ಯಾಯವೇ. ಆದರೆ ಆ ಹಣವನ್ನು ಈ ವರ್ಷ ಯಾರಿಗೂ ಎಣಿಸಿ ಕೊಟ್ಟಿಲ್ಲ. ಖರ್ಚೆಂದು ಕಳೆದದ್ದನ್ನು ನಗದಿನ ಲೆಕ್ಕದಲ್ಲಿ ಹಿಂದಕ್ಕೆ ಸೇರಿಸಬೇಕು. ಟಿಲ್ಲರಿನದು ಮತ್ತು ಉಳಿದ ಉಪಕರಣಗಳದು ಸೇರಿ 30,000.

ಅನಂತರ ಪಂಪು ಮಾರಿದ ಲಾಭವನ್ನು ಕಳೆಯಬೇಕು. ಪುಸ್ತಕದಲ್ಲಿ 5,000 ಬೆಲೆಯಿದ್ದ ಪಂಪು 8,000ಕ್ಕೆ ಹೋಗಿದೆ. ಆ 8,000 ಪೂರ್ತಿಯಾಗಿ ಎರಡನೆಯ ಹಂತದಲ್ಲಿ ಬರುವುದರಿಂದ, 3,000 ರೂಪಾಯಿ ಲಾಭವನ್ನು ಇಲ್ಲಿಯೇ ಬಿಟ್ಟರೆ ಒಂದೇ ಹಣವನ್ನು ಎರಡು ಸಲ ಎಣಿಸಿದಂತಾಗುತ್ತದೆ.

ಮೂರನೆಯದಾಗಿ ದಾಸ್ತಾನು ಮತ್ತು ಬಾಕಿಗಳ ಏರಿಳಿತವನ್ನು ನೋಡಬೇಕು. ಇಲ್ಲಿ ನೆನಪಿಡಬೇಕಾದ ಸೂತ್ರ ಚಿಕ್ಕದು.

ದಾಸ್ತಾನು ಅಥವಾ ಬರತಕ್ಕ ಬಾಕಿ ಹೆಚ್ಚಿದರೆ ಕಳೆಯಬೇಕು, ಕಡಿಮೆಯಾದರೆ ಕೂಡಬೇಕು.
ಕೊಡತಕ್ಕ ಬಾಕಿ ಹೆಚ್ಚಿದರೆ ಕೂಡಬೇಕು, ಕಡಿಮೆಯಾದರೆ ಕಳೆಯಬೇಕು.

ಕಾರಣವೂ ಸರಳ. ಅಡಿಕೆ ಮನೆಯಲ್ಲಿದ್ದರೆ ಅದರ ಹಣ ಇನ್ನೂ ಬಂದಿಲ್ಲ. ತರಕಾರಿ ಉದ್ರಿ ಕೊಟ್ಟಿದ್ದರೆ ಅದರ ಹಣವೂ ಬಂದಿಲ್ಲ. ಅಂಗಡಿಯ ಹಳೆಯ ಬಾಕಿ ತೀರಿಸಿದ್ದರೆ ಕೈಯಿಂದ ಹಣ ಹೋಗಿದೆ, ಆದರೆ ಅದು ಈ ವರ್ಷದ ಖರ್ಚಿನಲ್ಲಿ ಕಾಣುವುದಿಲ್ಲ.

ಎರಡನೆಯ ಹಂತ: ಬಂಡವಾಳ ಹೂಡಿಕೆ

ಹಲವು ವರ್ಷ ಬಾಳುವ ವಸ್ತುಗಳನ್ನು ಕೊಂಡದ್ದು ಮತ್ತು ಮಾರಿದ್ದು ಇಲ್ಲಿ ಬರುತ್ತದೆ. ಟಿಲ್ಲರ್, ಪಂಪು, ಬಾವಿ, ಹೊಸ ತೋಟ ಎಬ್ಬಿಸಿದ ಖರ್ಚು ಈ ಗುಂಪಿನವು.

ಮೂರನೆಯ ಹಂತ: ಸಾಲ ಮತ್ತು ಸಂಸಾರ

ಪಡೆದ ಸಾಲ, ತೀರಿಸಿದ ಅಸಲು ಇಲ್ಲಿ ಸೇರುತ್ತವೆ. ಬೆಳೆ ಸಾಲವನ್ನು ತೀರಿಸಿ ಮತ್ತೆ ಪಡೆದಿದ್ದರೆ ಎರಡನ್ನೂ ಬೇರೆ ಬೇರೆ ತೋರಿಸಬೇಕು. ವರ್ಷದ ಕೊನೆಗೆ ವ್ಯತ್ಯಾಸವಿಲ್ಲದಿದ್ದರೂ ತೀರಿಸುವ ದಿನ ಪೂರ್ತಿ ಹಣ ಕೈಯಲ್ಲಿರಲೇಬೇಕಷ್ಟೆ. ಸಂಸಾರಕ್ಕೆ ತೆಗೆದ ಹಣವೂ ಇಲ್ಲಿಯೇ ಬರುತ್ತದೆ. ಅದು ಬೇಸಾಯದ ಖರ್ಚಲ್ಲ, ಒಡೆಯನು ತನ್ನ ಬಂಡವಾಳದಿಂದ ಹಿಂದಕ್ಕೆ ಪಡೆದದ್ದು. ಶಾಲೆಯ ಫೀ, ಔಷಧ, ಮದುವೆ, ಹಬ್ಬ ಎಲ್ಲವೂ ಈ ಸಾಲಿನವು.

ಪಟ್ಟಿ 3: ನಗದು ಹರಿವಿನ ತಖ್ತೆ

ಅ. ಬೇಸಾಯ
ನಿವ್ವಳ ಲಾಭ: 1,80,000
ಕೂಡಿ, ಸವಕಳಿ: 30,000
ಕಳೆ, ಪಂಪು ಮಾರಿದ ಲಾಭ: 3,000
ಕಳೆ, ಬರತಕ್ಕ ಬಾಕಿಯ ಹೆಚ್ಚಳ: 28,000
ಕಳೆ, ಉತ್ಪನ್ನದ ದಾಸ್ತಾನಿನ ಹೆಚ್ಚಳ: 90,000
ಕಳೆ, ಗೊಬ್ಬರ ಮತ್ತು ಹಿಂಡಿ ದಾಸ್ತಾನಿನ ಹೆಚ್ಚಳ: 4,000
ಕಳೆ, ಅಂಗಡಿ ಬಾಕಿಯ ಇಳಿಕೆ: 8,000
ಬೇಸಾಯದಿಂದ ಬಂದ ನಗದು: 77,000

ಆ. ಹೂಡಿಕೆ
ಟಿಲ್ಲರ್ ಖರೀದಿ, ಹೋದದ್ದು: 1,50,000
ಪಂಪು ಮಾರಾಟ, ಬಂದದ್ದು: 8,000
ಹೂಡಿಕೆಗೆ ಹೋದ ನಗದು: 1,42,000

ಇ. ಸಾಲ ಮತ್ತು ಸಂಸಾರ
ಟಿಲ್ಲರ್ ಸಾಲ, ಬಂದದ್ದು: 1,20,000
ಅದರ ಅಸಲಿನ ಕಂತು, ಹೋದದ್ದು: 20,000
ಹಳೆಯ ಬೆಳೆ ಸಾಲ ತೀರಿಸಿದ್ದು: 1,00,000
ಹೊಸ ಬೆಳೆ ಸಾಲ ಪಡೆದದ್ದು: 1,00,000
ಸಂಸಾರಕ್ಕೆ ತೆಗೆದದ್ದು: 1,20,000
ಈ ಬಾಬಿನಲ್ಲಿ ಹೋದ ನಗದು: 20,000

ವರ್ಷದಲ್ಲಿ ಕಡಿಮೆಯಾದ ನಗದು: 85,000
ಆರಂಭದ ಶಿಲ್ಕು: 1,10,000
ಅಖೇರಿ ಶಿಲ್ಕು: 25,000

ಅಖೇರಿ ಶಿಲ್ಕು ಪಟ್ಟಿ 1ರ ಅಂಕಿಗೆ ಸರಿಹೊಂದಿದರೆ ಲೆಕ್ಕ ಕೂಡಿದಂತೆ. ಹೊಂದದಿದ್ದರೆ ಯಾವುದೋ ಬಾಕಿ ಬಿಟ್ಟುಹೋಗಿದೆ, ಇಲ್ಲವೇ ಸಂಸಾರದ ಖರ್ಚನ್ನು ಕಡಿಮೆ ಬರೆಯಲಾಗಿದೆ ಎಂದು ತಿಳಿದು ಹುಡುಕಬೇಕು.

ಪ್ರತ್ಯಕ್ಷ ವಿಧಾನದಿಂದ ತಾಳೆ ನೋಡುವುದೂ ಸಾಧ್ಯ. 3,67,000ದ ಮಾರಾಟದಲ್ಲಿ ಬಾಕಿ ಏರಿದ 28,000 ಕಳೆದರೆ ಕೈಗೆ ಬಂದದ್ದು 3,39,000. ಕೂಲಿ 1,20,000, ಗೊಬ್ಬರ ಮತ್ತು ಹಿಂಡಿಗೆ ಹಳೆಯ ಬಾಕಿ ಹಾಗೂ ಹೆಚ್ಚಿನ ದಾಸ್ತಾನು ಸೇರಿ 1,02,000, ಇತರ 30,000, ಬಡ್ಡಿ 10,000. ಹೀಗೆ ಒಟ್ಟು ಕೊಟ್ಟದ್ದು 2,62,000. ಉಳಿದದ್ದು ಅದೇ 77,000. ದಾರಿ ಎರಡಾದರೂ ತಲುಪುವ ಊರು ಒಂದೇ.

ತಖ್ತೆ ಹೇಳುವ ಮಾತು

ಬೇಸಾಯ 77,000 ರೂಪಾಯಿ ನಗದು ಕೊಟ್ಟಿತು, ಸಂಸಾರ 1,20,000 ತೆಗೆದುಕೊಂಡಿತು. ಅಲ್ಲಿ 43,000 ಕೊರತೆ. ಟಿಲ್ಲರಿಗೆ ಸಾಲದ ಹೊರತಾಗಿ ಕೈಯಿಂದ ಹಾಕಿದ 30,000 ಮತ್ತು ಕಂತಿನ 20,000 ಸೇರಿ 50,000. ಅದರಲ್ಲಿ ಪಂಪಿನ 8,000 ಕಳೆದರೆ 42,000. ಎರಡೂ ಸೇರಿದರೆ ಕಾಣೆಯಾದ 85,000 ಸಿಗುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೋಡಿದರೆ, ಉತ್ಪನ್ನದ ದಾಸ್ತಾನು 90,000ದಷ್ಟು ಏರದೆ ಇದ್ದಿದ್ದರೆ ಈ ಕೊರತೆಯೇ ಇರುತ್ತಿರಲಿಲ್ಲ, 5,000 ಉಳಿಯುತ್ತಿತ್ತು. ಹಣ ಪೋಲಾಗಿಲ್ಲ. ಹೆಚ್ಚಿನಂಶ ಚಾಲಿ ಅಡಿಕೆಯ ರೂಪದಲ್ಲಿ ಮನೆಯಲ್ಲಿಯೇ ಇದೆ. ಆದರೆ ಸಂಘದ ಕೌಂಟರಿನಲ್ಲಿ ಅಡಿಕೆ ಚೀಲ ತೋರಿಸಿ ಸಾಲ ತೀರಿಸುವಂತಿಲ್ಲ.

ವಾಯಿದೆಗೆ ಮುಂಚೆ ಮಾಡಬೇಕಾದ ಲೆಕ್ಕ

ಈ ಹಿಡುವಳಿಯ ಬೆಳೆ ಸಾಲ 1,00,000 ಮೇ ಕೊನೆಗೆ ವಾಯಿದೆಗೆ ಬರುತ್ತದೆ ಎಂದಿಟ್ಟುಕೊಳ್ಳೋಣ. ಕರ್ನಾಟಕದಲ್ಲಿ ಸಹಕಾರಿ ಸಂಘಗಳ ಮೂಲಕ ಕೊಡುವ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 2023-24ರ ಮುಂಗಡಪತ್ರದಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಈ ರಿಯಾಯಿತಿ ವಾಯಿದೆಯೊಳಗೆ ಮರುಪಾವತಿ ಮಾಡುವವರಿಗಾಗಿ ಇರುವಂಥದು. ವಾಯಿದೆ ಮೀರಿದರೆ ರಿಯಾಯಿತಿ ಕೈತಪ್ಪಿ ಬಡ್ಡಿ ಬೀಳುತ್ತದೆ, ಹೊಸ ಸಾಲವೂ ತಡವಾಗುತ್ತದೆ.

ಏಪ್ರಿಲ್, ಮೇ ತಿಂಗಳ ಹಾಲು, ತರಕಾರಿಯ ಆದಾಯ ಆ ತಿಂಗಳುಗಳ ಕೂಲಿ, ಹಿಂಡಿಗೆ ಸಮನಾಗುತ್ತದೆ ಎಂದು ಹಿಡಿದರೆ ಲೆಕ್ಕ ಹೀಗಾಗುತ್ತದೆ. ಕೈಯಲ್ಲಿರುವುದು 25,000. ಬಾಕಿಯಲ್ಲಿ ವಸೂಲಾಗುವುದು 30,000. ಮಾವಿನಿಂದ 20,000. ಸಂಸಾರಕ್ಕೆ ಬೇಕಾದದ್ದು 20,000. ಉಳಿಯುವುದು 55,000. ಸಾಲಕ್ಕೆ 45,000 ಕಡಿಮೆ ಬೀಳುತ್ತದೆ. 60,000 ರೂಪಾಯಿಯಷ್ಟು ಚಾಲಿಯನ್ನು ಏಪ್ರಿಲ್‌ನಲ್ಲಿಯೇ ಮಾರಿದರೆ ಸಾಲ ತೀರಿಸಿ 15,000 ಕೈಯಲ್ಲಿ ಉಳಿಯುತ್ತದೆ, ಜೂನ್‌ನಲ್ಲಿ ಹೊಸ ಸಾಲ ಪಡೆಯಲು ಅಡ್ಡಿಯಿರುವುದಿಲ್ಲ.

ಬೆಲೆ ಏರಲಿ ಎಂದು ಅಡಿಕೆ ಹಿಡಿದಿಡುವುದು ತಪ್ಪೆಂದು ಇದರ ಅರ್ಥವಲ್ಲ. ಆದರೆ ಕಾಯುವುದಕ್ಕೂ ಒಂದು ಬೆಲೆ ಇದೆ. ವಾಯಿದೆ ತಪ್ಪಿ 1,00,000ದ ಮೇಲೆ 10,000 ರೂಪಾಯಿ ಬಡ್ಡಿ ಬಿದ್ದಿತೆಂದು ಹಿಡಿದರೆ, ಮಾರದೆ ಉಳಿಸಿದ 60,000ದ ಅಡಿಕೆಯ ಬೆಲೆ ಆರರಲ್ಲಿ ಒಂದು ಪಾಲಿಗಿಂತ ಹೆಚ್ಚು ಏರಿದರೆ ಮಾತ್ರ ಕಾದದ್ದು ಸಾರ್ಥಕ. ಬೇಕಾದಷ್ಟನ್ನು ಮಾರಿ, ಉಳಿದದ್ದನ್ನು ಒಣ ಜಾಗದಲ್ಲಿ ಇಟ್ಟುಕೊಂಡು ಕಾಯುವುದು ಜಾಣತನ.

ಕರಾವಳಿಯಲ್ಲಿ ದಾಸ್ತಾನು ಬೇಕೆಂದಾಗ ನಗದಾಗುವುದಿಲ್ಲ ಎಂಬುದನ್ನೂ ಮರೆಯುವಂತಿಲ್ಲ. 2019ರ ಆಗಸ್ಟ್‌ನಲ್ಲಿ ಗಂಗಾವಳಿ ಉಕ್ಕಿ ಅಂಕೋಲಾ ತಾಲೂಕಿನ ನದಿದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹಲವು ದಿನ ಸಂಚಾರ ನಿಂತಿತು. ಅಂತಹ ದಿನಗಳಲ್ಲಿ ಮನೆಯ ಮಾಲು ಮಾರುಕಟ್ಟೆ ಮುಟ್ಟುವುದಿಲ್ಲ. ಮಳೆಗಾಲದ ಎರಡು ತಿಂಗಳ ಸಂಸಾರಕ್ಕಾಗುವಷ್ಟಾದರೂ ನಗದು ಬ್ಯಾಂಕಿನಲ್ಲಿರುವುದು ಒಳ್ಳೆಯದು.

ಗಜನಿ ಭೂಮಿಯ ಲೆಕ್ಕ

ನದೀಮುಖಗಳ ಗಜನಿ ಭೂಮಿಯಲ್ಲಿ ಲೆಕ್ಕ ತಿರುಗುಮುರುಗಾಗುವುದುಂಟು. ಅಲ್ಲಿ ಮಳೆಗಾಲದಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ, ಉಳಿದ ಕಾಲದಲ್ಲಿ ಸಿಗಡಿ, ಮೀನು. ಕಾರವಾರ ತಾಲೂಕಿನ ಒಬ್ಬ ಗಜನಿ ರೈತನಿಗೆ ಬರುವ ಹಂಗಾಮಿನ ಮೀನಿನ ಹಕ್ಕಿಗಾಗಿ ಮಾರ್ಚ್‌ನಲ್ಲಿಯೇ 30,000 ಮುಂಗಡ ಬಂದಿದೆ ಎನ್ನೋಣ. ಕೈಯಲ್ಲಿ ಹಣವಿದೆ, ಆದರೆ ಅದು ಈ ವರ್ಷದ ಲಾಭವಲ್ಲ. ಹಂಗಾಮು ಬರುವವರೆಗೆ ಅದು ಕೊಡತಕ್ಕ ಬಾಕಿಯಂತೆಯೇ. ಸೂತ್ರದಂತೆ ಬಾಕಿ ಹೆಚ್ಚಿದ್ದರಿಂದ ತಖ್ತೆಯಲ್ಲಿ 30,000 ಕೂಡಬೇಕು. ಲಾಭಕ್ಕಿಂತ ನಗದು ಹೆಚ್ಚು ಕಂಡಾಗ ಹಿಗ್ಗದೆ, ಅದರಲ್ಲಿ ಮುಂಗಡ ಎಷ್ಟು ಎಂದು ನೋಡಬೇಕು. ಬಂಡು ಒಡೆದು ಹಂಗಾಮು ಕೆಟ್ಟರೆ ಆ ಹಣವನ್ನು ಹಿಂದಿರುಗಿಸಬೇಕಾಗಿ ಬರಬಹುದು.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ಸಾಲದ ಹಣವನ್ನು ಆದಾಯವೆಂದು ಬರೆಯುವುದು. ಸಾಲ ಮೂರನೆಯ ಹಂತಕ್ಕೆ ಸೇರಿದ್ದು.
2. ಕಂತಿನ ಅಸಲು, ಬಡ್ಡಿ ಎರಡನ್ನೂ ಖರ್ಚಿಗೆ ಹಾಕುವುದು. ಬಡ್ಡಿ ಮಾತ್ರ ಖರ್ಚು. ಕಂಪನಿಗಳ ತಖ್ತೆಯಲ್ಲಿ ಬಡ್ಡಿಯನ್ನು ಬೇರೆಯಾಗಿ ಸಾಲದ ಭಾಗದಲ್ಲಿ ತೋರಿಸುತ್ತಾರೆ. ಹಿಡುವಳಿಯ ಲೆಕ್ಕದಲ್ಲಿ ಯಾವ ಕ್ರಮ ಹಿಡಿದರೂ ಅದನ್ನೇ ಪ್ರತಿವರ್ಷ ಅನುಸರಿಸಬೇಕು.
3. ಮನೆಯಲ್ಲಿ ಉಂಡ ಅಕ್ಕಿ, ಕುಡಿದ ಹಾಲನ್ನು ಒಂದು ಕಡೆ ಮಾತ್ರ ಬರೆಯುವುದು. ಆದಾಯದಲ್ಲಿ ಬರೆದರೆ ಸಂಸಾರಕ್ಕೆ ತೆಗೆದದ್ದರಲ್ಲಿಯೂ ಬರೆಯಬೇಕು, ಇಲ್ಲವಾದರೆ ಎರಡು ಕಡೆಯೂ ಬಿಡಬೇಕು. ಮೇಲಿನ ಮಾದರಿಯಲ್ಲಿ ಎರಡು ಕಡೆಯೂ ಬಿಡಲಾಗಿದೆ.
4. ವಸೂಲಾಗುವ ಆಸೆಯಿಲ್ಲದ ಹಳೆಯ ಬಾಕಿಯನ್ನು ಆಸ್ತಿಯಲ್ಲಿ ತೋರಿಸುತ್ತ ಬರುವುದು.

ವಿಸ್ತರಣಾ ಕಾರ್ಯಕರ್ತರಿಗೆ

ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆ 1981ರಲ್ಲಿ ಹೊರಡಿಸಿದ ಮೂರನೆಯ ಲೆಕ್ಕ ಮಾನದಂಡವನ್ನು 1997ರಲ್ಲಿ ಪರಿಷ್ಕರಿಸಿ ನಗದು ಹರಿವಿನ ತಖ್ತೆಗೆ ಮೀಸಲಿಟ್ಟಿತು. ಮೇಲೆ ತೋರಿಸಿದ ಮೂರು ಭಾಗಗಳ ವಿಂಗಡಣೆ ಅದರಲ್ಲಿಯೂ ಇದೆ. ಗ್ರಾಮ ಮಟ್ಟದಲ್ಲಿ ಇಷ್ಟು ಶಾಸ್ತ್ರ ಬೇಕಿಲ್ಲ. ಯಂತ್ರ ಕೊಳ್ಳಲು, ಹೊಸ ತೋಟ ಎಬ್ಬಿಸಲು ಸಲಹೆ ಕೊಡುವ ಮೊದಲು ಆ ಕುಟುಂಬದ ಜೊತೆ ಕುಳಿತು ಒಮ್ಮೆ ಈ ತಖ್ತೆ ಬರೆದು ನೋಡಿದರೆ ಸಾಕು. ಬೇಸಾಯದಿಂದ ಬರುವ ನಗದು ಸಂಸಾರದ ಖರ್ಚಿಗೇ ಸಾಲದಿದ್ದರೆ ಕಂತು ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಅಲ್ಲಿಯೇ ಎದ್ದು ನಿಲ್ಲುತ್ತದೆ. ತರಕಾರಿ, ಹಾಲಿನ ಹಣ ಮನೆಯ ಹೆಂಗಸರ ಕೈಯಲ್ಲಿ ಓಡಾಡುವುದೇ ಹೆಚ್ಚು. ಅವರನ್ನು ಕೇಳದೆ ಬರೆದ ಲೆಕ್ಕ ಕೂಡುವುದಿಲ್ಲ.

ಪ್ರತಿವರ್ಷ ಮಾರ್ಚ್ 31ರ ಸಂಜೆ ಅಂಗಳದ ಅಡಿಕೆ, ಕಣಜದ ಭತ್ತ, ಪುಸ್ತಕದ ಬಾಕಿ, ಪೆಟ್ಟಿಗೆಯ ಹಣ ಇವಿಷ್ಟನ್ನು ಎಣಿಸಿ ಒಂದು ಹಾಳೆಯಲ್ಲಿ ಬರೆದಿಡಬೇಕು. ಅದೇ ಮುಂದಿನ ವರ್ಷದ ಮೊದಲ ಪಟ್ಟಿಯಾಗುತ್ತದೆ. ಮೇ ತಿಂಗಳ ಇಕ್ಕಟ್ಟನ್ನು ಏಪ್ರಿಲ್‌ನಲ್ಲಿಯೇ ಕಂಡುಕೊಂಡ ರೈತನಿಗೆ ಮಾಲು ಮಾರಲು, ಬಾಕಿ ಕೇಳಲು, ಸಂಘಕ್ಕೆ ಹೋಗಿ ಮಾತಾಡಲು ಇನ್ನೂ ಎರಡು ತಿಂಗಳು ಉಳಿದಿರುತ್ತದೆ.